ಮಂಡಿ ಮಡಿಸದೆ ಹಾಲು ಕರೆಯುವುದು

ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಗಂಡಸಿಗೆ ಶೋಭೆಯಲ್ಲ. ಅದೂ ಒಂದು ಹಸುವಿನ ವಿಷಯಕ್ಕೆ, ಅರವತ್ತೆರಡನೆಯ ವಯಸ್ಸಿನಲ್ಲಿ, ಬೆಳಗಿನ ಆರು ಗಂಟೆಗೆ ಕೊಟ್ಟಿಗೆಯ ಕಂಬಕ್ಕೆ ಒರಗಿಕೊಂಡು ಪಡುವುದು ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ. ಆದರೂ ನಿಮ್ಮ ಹತ್ತಿರ ಹೇಳಿಬಿಡುತ್ತೇನೆ. ಒಳಗೇ ಇಟ್ಟುಕೊಂಡರೆ ಅದೂ ಮಂಡಿಗೆ ಇಳಿದೀತು ಎಂಬ ಭಯ. ಈಚೆಗೆ ನನ್ನ ಮೈಯಲ್ಲಿ ಏನೇ ಕೆಟ್ಟರೂ ಕೊನೆಗೆ ಬಂದು ತಂಗುವುದು ಅಲ್ಲೇ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ನಾಗಮಂಗಲದಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣ, ಕೆಲವು ವರ್ಷ ಕೆ.ಆರ್.ಪೇಟೆ ಕಡೆ, ಹೀಗೆ ಮೂವತ್ತು ವರ್ಷ ನಿಂತೇ ಓಡಾಡಿದೆ. ಕಂಡಕ್ಟರಿಗೆ ಅಂತ ಒಂದು ಸೀಟು ಇರುತ್ತದೆ, ನಿಜ. ಆದರೆ ಅದರಲ್ಲಿ ಯಾವಾಗಲೂ ಒಬ್ಬ ಅಜ್ಜಿ ಕೂತಿರುತ್ತಾಳೆ. "ವಸಿ ಜರುಗವ್ವ" ಅಂದರೆ, "ನಿಂಗ್ಯಾಕಪ್ಪ ಸೀಟು? ಒಳ್ಳೆ ಕಂಬ ಇದ್ದಂಗಿದ್ದೀಯ, ನಿಂತ್ಕೊಂಡು ಟಿಕೀಟು ಅರಿ" ಎಂದು ಚೀಲವನ್ನು ಇನ್ನಷ್ಟು ಹರಡಿಕೊಂಡು ಕೂರುತ್ತಿದ್ದಳು. ಹಾಗಾಗಿ ನಿವೃತ್ತಿಯಾದ ದಿನ ನಾನು ಮಾಡಿದ ಸಂಕಲ್ಪ ಒಂದೇ, ಇನ್ನು ಮೇಲೆ ಕೂರುವುದು. ಹೊಣಕೆರೆ ಪಕ್ಕದ ನಮ್ಮೂರಿಗೆ ಬಂದು, ಗದ್ದೆ ಹೊಲವನ್ನು ನೋಡಿಕೊಳ್ಳುವ ತಮ್ಮನಿಗೇ ಅದನ್ನು ಬಿಟ್ಟು, ನಾನೊಂದು ಕಡಸು ತಂದು ಸಾಕಿದೆ. ಕಪ್ಪು ಮೈ, ಹಣೆಯ ಮೇಲೆ ಬಿಳಿ ಬೊಟ್ಟು. ಚುಕ್ಕಿ ಎಂದು ಹೆಸರಿಟ್ಟೆ. ಅದು ಮೊದಲ ಕರು ಹಾಕಿದಂದಿನಿಂದ ಎರಡು ಹೊತ್ತೂ ಹಾಲು ಕರೆದವನು ನಾನೇ.

ಹಾಲು ಕರೆಯುವವರು ಕರೆಯುವಾಗ ಏನು ಯೋಚಿಸುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆ, ಏನೂ ಇಲ್ಲ. ಕುಕ್ಕರಗಾಲಲ್ಲಿ ಕೂತು, ಪಾತ್ರೆಯನ್ನು ಎರಡು ಮಂಡಿಗಳ ನಡುವೆ ಇರುಕಿಸಿಕೊಂಡು, ಹಣೆಯನ್ನು ಹಸುವಿನ ಪಕ್ಕೆಗೆ ಆನಿಸಿದರೆ ಮುಗಿಯಿತು. ಬೆಚ್ಚಗಿನ ಮೈ. ಒಳಗೆ ಎಲ್ಲೋ ಗುಡುಗುಡು ಎನ್ನುವ ಹೊಟ್ಟೆ. ಖಾಲಿ ಪಾತ್ರೆಯ ತಳಕ್ಕೆ ಬೀಳುವ ಮೊದಲ ಧಾರೆಯ ಚುರ್ರೆನ್ನುವ ಸದ್ದು, ನೊರೆ ಏರಿದಂತೆ ಅದು ದಪ್ಪವಾಗುತ್ತಾ ಮೆತ್ತಗಾಗುವುದು. "ಚಿಲ್ರೆ ಕೊಡಿ, ಒಳಗೆ ನಡೀರಿ, ಫುಟ್‌ಬೋರ್ಡ್ ಬಿಡಿ" ಎಂದು ಮೂವತ್ತು ವರ್ಷ ಕಿರುಚಿದ ಗಂಟಲಿಗೆ ಆ ಅರ್ಧ ಗಂಟೆಯಲ್ಲಿ ಮಾಡಲು ಯಾವ ಕೆಲಸವೂ ಇರಲಿಲ್ಲ. ನನ್ನ ಜೀವಮಾನದಲ್ಲಿ ನಾನು ಸರಿಯಾಗಿ ಕೂತದ್ದು ಅಲ್ಲೇ.

ಕಳೆದ ಯುಗಾದಿಯ ಹೊತ್ತಿಗೆ ಆ ಸುಖಕ್ಕೆ ಕಲ್ಲು ಬಿತ್ತು. ಕೂತವನಿಗೆ ಏಳಲಾಗಲಿಲ್ಲ. ಚುಕ್ಕಿಯ ಬಾಲ ಹಿಡಿದು ಎದ್ದೆ. ಅದು ಏನು ತಿಳಿದುಕೊಂಡಿತೋ, ನಾಲ್ಕು ಹೆಜ್ಜೆ ನನ್ನನ್ನೂ ಎಳೆದುಕೊಂಡು ಹೋಯಿತು. ಶ್ರೀರಂಗಪಟ್ಟಣದಲ್ಲಿ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮಂಡಿ ಸವೆದಿದೆ ಯಜಮಾನ್ರೇ" ಎಂದರು. ಕುಕ್ಕರಗಾಲು ಬೇಡ, ಚಕ್ಕಳಮಕ್ಕಳ ಬೇಡ, ಹಾಗಂತ ಮಲಗಿಯೂ ಬಿಡಬೇಡಿ, ದಿನಾ ನಡೆಯಿರಿ, ತೂಕ ಇಳಿಸಿ ಎಂದರು. ನಮ್ಮೂರಿನಲ್ಲಿ ಅವೆರಡು ಭಂಗಿ ಬಿಟ್ಟರೆ ಉಳಿಯುವುದು ನಿಂತುಕೊಳ್ಳುವುದು. ಅಂದರೆ ನಾನು ವಾಪಸ್ ಡ್ಯೂಟಿಗೆ ಹೋದಂತಾಯಿತು.

ಸ್ಟೂಲಿನ ಮೇಲೆ ಕೂತು ಕರೆಯೋಣವೆಂದು ಮರುದಿನವೇ ಒಂದು ಮರದ ಸ್ಟೂಲು ತಂದೆ. ಚುಕ್ಕಿ ಅದನ್ನು ಒಮ್ಮೆ ನೋಡಿತು, ನನ್ನನ್ನು ಒಮ್ಮೆ ನೋಡಿತು, ಆಮೇಲೆ ಒದೆಯಿತು. ಸ್ಟೂಲು ಒಂದು ಕಡೆ, ಪಾತ್ರೆ ಒಂದು ಕಡೆ, ನಾನು ಸಗಣಿಯ ಕಡೆ. ನನ್ನ ಹೆಂಡತಿ ಜಯಮ್ಮ ಬಂದು ಮೂವರನ್ನೂ ಎತ್ತಿ ನಿಲ್ಲಿಸಿ, "ಬುಡಿ ಅತ್ಲಾಗೆ, ನಾನೇ ಕರೀತೀನಿ" ಎಂದಳು. "ಅದು ನನ್ ಕೈಗಲ್ದೆ ಇನ್ಯಾರ್ಗೂ ಹಾಲು ಇಳ್ಸಕಿಲ್ಲ ಕಣೆ" ಎಂದೆ, ನೋವಿನಲ್ಲೂ ಸ್ವಲ್ಪ ಜಂಬದಿಂದಲೇ. ಅವಳು ಒಳಗೆ ಹೋಗಿ, ನಾನು ಕೊಟ್ಟಿಗೆಗೆ ಹಾಕುತ್ತಿದ್ದ ಹಳೆಯ ಖಾಕಿ ಅಂಗಿಯನ್ನು, ಒಗೆಯದೆ ಬಿದ್ದಿದ್ದದ್ದನ್ನು, ಸೀರೆಯ ಮೇಲೆ ತೊಟ್ಟುಕೊಂಡು ಬಂದಳು. ಕರೆಯುವ ಕೈ ಬದಲಾದಾಗ ನಮ್ಮ ಕಡೆ ಹೆಂಗಸರು ಮಾಡುವ ಉಪಾಯ ಇದು. ಚುಕ್ಕಿ ಅಂಗಿ ಮೂಸಿತು. ಹಾಲು ಇಳಿಸಿತು. ಮೂವತ್ತು ವರ್ಷ ದುಡಿದ ಮನುಷ್ಯನ ಜಾಗಕ್ಕೆ ಅವನ ಅಂಗಿ ಸಾಕಾಯಿತು. ನಾನು ಕಂಬಕ್ಕೆ ಒರಗಿದ್ದು ಅವತ್ತು.

ಅಂದಿನಿಂದ ದಿನಾ ಬೆಳಿಗ್ಗೆ ಅಲ್ಲಿ ನಿಂತು ನೋಡುವುದೇ ನನ್ನ ಕೆಲಸವಾಯಿತು. ಧಾರೆಯ ಸದ್ದು ಕೇಳಿದರೆ ಕೈಬೆರಳುಗಳು ತಾವಾಗಿ ಮಡಿಸಿಕೊಳ್ಳುತ್ತಿದ್ದವು. ಹಣೆಗೆ ಏನೋ ಕಡಿಮೆಯಾದಂತೆ ಅನ್ನಿಸುತ್ತಿತ್ತು. ಗೋಡೆಗೆ ಆನಿಸಿ ನೋಡಿದೆ, ಗೋಡೆ ತಣ್ಣಗಿತ್ತು. ಸುಳ್ಳೇಕೆ ಹೇಳಲಿ, ಒಂದೆರಡು ದಿನ ಕಣ್ಣಲ್ಲಿ ನೀರೂ ಬಂತು. ಜಯಮ್ಮ ನೋಡಿ ಮಂಡಿ ನೋವೆಂದುಕೊಂಡು ಬಿಸಿನೀರಿನ ಚೀಲ ತಂದಿಟ್ಟಳು. ನಾನೂ ಮಂಡಿ ನೋವೆಂದೇ ಹೇಳಿದೆ. ಹೇಳುತ್ತಲೇ ಇದ್ದೆ. ತಿಂಡಿಗೆ ಎಡ ಮಂಡಿ, ಊಟಕ್ಕೆ ಬಲ ಮಂಡಿ, ಮಲಗುವ ಹೊತ್ತಿಗೆ ಎರಡೂ.

ಡಾಕ್ಟರು ವ್ಯಾಯಾಮ ಕಲಿಯಲು ಫಿಸಿಯೋಥೆರಪಿ ಮಾಡಿಸುವ ಒಬ್ಬ ಹುಡುಗಿಯ ಹತ್ತಿರ ಕಳಿಸಿದರು. ಪಾಂಡವಪುರದವಳು. ನನ್ನ ಮುಖ ನೋಡಿದ ಕೂಡಲೇ, "ಅಂಕಲ್, ನೀವು ನಮ್ ಕಾಲೇಜ್ ಬಸ್ಸಿನ ಕಂಡಕ್ಟ್ರು ಅಲ್ವಾ? ಪಾಸ್ ತೋರ್ಸು ಪಾಸ್ ತೋರ್ಸು ಅಂತ ಜೀವ ತೆಗೀತಿದ್ರಿ" ಎಂದಳು. ಸೇಡು ತೀರಿಸಿಕೊಳ್ಳಲು ಅವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಕಾಲು ನೆಟ್ಟಗೆ ಎತ್ತಿಸಿ ಹತ್ತು ಎಣಿಸುವವರೆಗೆ ಇಳಿಸಲು ಬಿಡಲಿಲ್ಲ. ಟವೆಲ್ಲು ಸುತ್ತಿ ಮಂಡಿಯ ಕೆಳಗಿಟ್ಟು ಒತ್ತಿಸಿದಳು. ತೊಡೆಗೆ ಬಲ ಬಂದರೆ ಮಂಡಿಗೆ ಭಾರ ತಗ್ಗುತ್ತದಂತೆ. "ಏನಾಗಬೇಕು ನಿಮಗೆ? ಬೆಟ್ಟ ಹತ್ತಬೇಕಾ, ವಾಕಿಂಗಾ?" ಎಂದು ಕೇಳಿದಳು. ವಾಕಿಂಗು ಎಂದೆ. ಆಮೇಲೆ ಬಾಗಿಲವರೆಗೆ ಹೋಗಿ ವಾಪಸ್ ಬಂದು, "ಹಾಲು ಕರೀಬೇಕಮ್ಮ" ಎಂದೆ. ನಗಲಿಲ್ಲ ಪುಣ್ಯಾತ್ಗಿತ್ತಿ. "ಕುಕ್ಕರಗಾಲು ಮರೆತುಬಿಡಿ. ಸ್ಟೂಲಿನ ಮೇಲಾದರೆ ಕರೀಬಹುದು. ನಿಮ್ ಕಾಲಿಗೆ ನಾನು ಹೇಳ್ಕೊಡ್ತೀನಿ, ಹಸೂಗೆ ನೀವು ಹೇಳ್ಕೊಡಿ" ಎಂದಳು.

ಹಾಗೆ ಇಬ್ಬರ ಪಾಠವೂ ಶುರುವಾಯಿತು. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡಿಗೆ, ಮುದ್ದೆ ಎರಡಿದ್ದದ್ದು ಒಂದು, ಮಧ್ಯಾಹ್ನ ಕಾಲೆತ್ತುವುದು. ಸಂಜೆ ಸ್ಟೂಲನ್ನು ಚುಕ್ಕಿಯಿಂದ ಮಾರು ದೂರ ಹಾಕಿಕೊಂಡು ಸುಮ್ಮನೆ ಕೂರುವುದು. ವಾರಕ್ಕೊಮ್ಮೆ ಒಂದು ಗೇಣು ಹತ್ತಿರ ಸರಿಯುವುದು. ಬೇಜಾರಾಗಬಾರದೆಂದು ಪೇಪರು ಗಟ್ಟಿಯಾಗಿ ಓದುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ನನ್ನ ಓರಗೆಯ ತಿಮ್ಮೇಗೌಡ ಬೇಲಿಯ ಮೇಲಿಂದ ಇಣುಕಿ, "ಯಾಕ್ಲಾ, ಅಸೀಗೆ ಪೇಪರ್ ಓದ್ತಾ ಇದ್ದೀಯಾ?" ಎಂದ. "ಊಂ ಕಣ್ಲಾ, ಅದ್ಕೆ ನಿನ್ಗಿಂತ ಬೇಗ ಅರ್ತ ಆಯ್ತದೆ" ಎಂದೆ. ಸುದ್ದಿ ಊರೆಲ್ಲ ಹಬ್ಬಿತು. ಹಬ್ಬಲಿ ಎಂದುಕೊಂಡೆ. ಗೌರಿ ಹಬ್ಬ ಹೋಯಿತು, ದೀಪಾವಳಿ ಹೋಯಿತು. ಸ್ಟೂಲು ಚುಕ್ಕಿಯ ಪಕ್ಕೆಯ ಹತ್ತಿರ ಬಂತು. ನನ್ನ ಕಾಲು ಹತ್ತು ಎಣಿಸುವವರೆಗೆ ನಡುಗದೆ ನಿಂತಿತು.

ಸಂಕ್ರಾಂತಿಯ ಮಾರನೇ ದಿನ ಜಯಮ್ಮ ತಾನಾಗಿ ಪಾತ್ರೆಯನ್ನು ನನ್ನ ಕೈಗೆ ಕೊಟ್ಟಳು. "ಇವತ್ತು ನೀವೇ ಕರೀರಿ." ಮದುವೆಯ ದಿನವೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಕೂತೆ. ಚುಕ್ಕಿ ಒದೆಯಲಿಲ್ಲ. ಕೆಚ್ಚಲು ತೊಳೆದೆ, ಹಣೆ ಆನಿಸಿದೆ. ಅದೇ ಬಿಸುಪು, ಅದೇ ಗುಡುಗುಡು. ಆದರೆ ಹಾಲು ಇಳಿಯಲಿಲ್ಲ. ಹಿಂಡಿದೆ, ಸವರಿದೆ, ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗಿನ ಸ್ಟಾಪುಗಳನ್ನೆಲ್ಲ ಲಾಲಿಯಂತೆ ಹೇಳಿದೆ. ಚುಕ್ಕಿ ಕತ್ತು ತಿರುಗಿಸಿ ನನ್ನನ್ನು ದಾಟಿ ಹಿಂದೆ ನೋಡುತ್ತಿತ್ತು. ಅತ್ತ ಡೈರಿ ಮುಚ್ಚುವ ಹೊತ್ತಾಗುತ್ತಿತ್ತು. ಕೊನೆಗೆ ಜಯಮ್ಮ ಬಂದು ಅದರ ಬೆನ್ನ ಮೇಲೆ ಕೈಯೂರಿ ನಿಂತಳು. "ಏನೇ ನಿನ್ ದವಲತ್ತು" ಎಂದಳು, ಅಷ್ಟೇ. ಬೆರಳಿಗೆ ಭಾರ ಬಂತು. ಚುರ್ರೆಂದಿತು ಪಾತ್ರೆ. ಅವಮಾನವೋ ಸಂತೋಷವೋ ತಿಳಿಯದೆ ನಾನು ಹಣೆಯೊತ್ತಿ, ಕಣ್ಣು ಮುಚ್ಚಿ ಕೊನೆಯ ಹನಿಯವರೆಗೂ ಕರೆದೆ.

ಮುಗಿಸಿ, ಉಸ್ಸೆನ್ನದೆ ಸ್ಟೂಲಿನಿಂದ ಎದ್ದು, "ನೋಡ್ದಾ?" ಎಂದು ತಿರುಗಿದೆ. ಅವಳು ನೋಡಿರಲಿಲ್ಲ. ಎರಡೂ ಕೈಯನ್ನು ಚುಕ್ಕಿಯ ಬೆನ್ನಿಗೆ ಊರಿ, ಬಲಗಾಲನ್ನು ನೆಲಕ್ಕೆ ಪೂರ್ತಿ ಇಡದೆ ನಿಂತಿದ್ದಳು. ಅವಳು ಬೆನ್ನಿಗೆ ಕೈಯಿಟ್ಟದ್ದು ಹಸುವನ್ನು ಸಮಾಧಾನ ಮಾಡಲು ಎಂದುಕೊಂಡಿದ್ದೆ.

"ಯಾಕೆ?" ಎಂದೆ.

"ಮಂಡಿ."

"ಯಾವಾಗ್ನಿಂದ?"

"ಗೌರಿ ಹಬ್ಬದಿಂದ."

"ನಂಗೊಂದ್ ಮಾತು ಏಳ್ಬಾರ್ದಿತ್ತಾ?"

"ನಿಮ್ ಮಂಡಿ ಮಾತು ಮುಗುದ್ರೆ ತಾನೆ ನಾನು ನಂದ ತಗಿಯಾದು?" ಎಂದು ಹಾಲಿನ ಪಾತ್ರೆ ಎತ್ತಿಕೊಳ್ಳಲು ಬಗ್ಗಿದಳು. ಬಗ್ಗಲಾಗಲಿಲ್ಲ.

ಎರಡು ಹೊತ್ತೂ ನನ್ನ ಬದಲಿಗೆ ಕುಕ್ಕರಗಾಲಲ್ಲಿ ಕೂತವಳು ಅವಳು. ಒಂಬತ್ತು ತಿಂಗಳು ಆ ಕಂಬಕ್ಕೆ ಒರಗಿ ನಾನು ನೋಡಿದ್ದು ಹಸುವನ್ನು ಮಾತ್ರ. ಇದನ್ನು ಹೇಗೆ ಹೇಳಿದರೂ ನನ್ನ ಮರ್ಯಾದೆ ಉಳಿಯುವುದಿಲ್ಲ, ಹಾಗಾಗಿ ಇದ್ದದ್ದು ಇದ್ದ ಹಾಗೆ ಹೇಳಿದ್ದೇನೆ. ಈಗ ಎರಡು ಹೊತ್ತೂ ಕರೆಯುವವನು ನಾನು. ಅವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಚುಕ್ಕಿಯ ಕೊರಳ ಕೆಳಗೆ ಜೋಲುವ ಗಂಗೆದೊಗಲು ತುರಿಸುತ್ತಾಳೆ. ಆಮೇಲೆ ಇಬ್ಬರೂ ಜಗಲಿಯ ಮೇಲೆ ಎದುರುಬದುರು ಕೂತು ಕಾಲು ಎತ್ತುತ್ತೇವೆ. ಅವಳ ಕಾಲಿಗೆ ನಾನು ಎಣಿಸುತ್ತೇನೆ, ಸ್ವಲ್ಪ ಬೇಗಬೇಗ. ನನ್ನ ಕಾಲಿಗೆ ಅವಳು ಎಣಿಸುತ್ತಾಳೆ. ಎಂಟರವರೆಗೆ ಬಂದು, ನಿಲ್ಲಿಸಿ, ನಿಧಾನವಾಗಿ ಸೆರಗು ಸರಿಮಾಡಿಕೊಂಡು, ಬೀದಿಯಲ್ಲಿ ಯಾರು ಹೋದರು ಎಂದು ನೋಡುತ್ತಾಳೆ. ನಾನು ಚಕಾರ ಎತ್ತದೆ ಕಾಲು ಎತ್ತಿ ಹಿಡಿದಿರುತ್ತೇನೆ.