ದೋಷವಿಲ್ಲದ ಒಂದು ದಿನ ಬೇಕಾಗಿದೆ

ಹಿಪ್ಪಲಿ ಹುರಿಯುವಾಗ ಫೋನು ಎತ್ತಬಾರದು ಎಂದು ನಮ್ಮಮ್ಮ ನನಗೆ ಹೇಳಿಕೊಟ್ಟಿರಲಿಲ್ಲ. ಅವರ ಅಡುಗೆಮನೆಯಲ್ಲಿ ಫೋನೇ ಇರಲಿಲ್ಲ. ಕಳಮಶ್ಶೇರಿಯ ನಮ್ಮ ಫ್ಲ್ಯಾಟಿನಲ್ಲಿ ನಾನು ಮಗಳ ಬಾಣಂತಿ ಲೇಹ್ಯಕ್ಕೆಂದು ಶುಂಠಿ, ಮೆಣಸು ಎಲ್ಲ ಹುರಿದು, ಕಡೆಗೆ ಹಿಪ್ಪಲಿಯನ್ನು ಬಾಣಲೆಗೆ ಹಾಕಿದ್ದೆ. ಆಗ ತಿರುವನಂತಪುರದಿಂದ ಶ್ರುತಿ ಫೋನು ಮಾಡಿದಳು. ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೇ ಬರಬೇಕಿತ್ತು, ಓಡಾಟ ಬೇಡ ಎಂದು ಡಾಕ್ಟರು ತಡೆದಿದ್ದರಿಂದ ಗಂಡನ ಮನೆಯಲ್ಲೇ ಉಳಿದಿದ್ದಳು.

"ಅಮ್ಮಾ, ಮಗು ತಲೆ ಮೇಲೆ ಮಾಡ್ಕೊಂಡು ಕೂತಿದೆಯಂತೆ. ಆಪರೇಷನ್ನೇ ಅಂದ್ರು. ಮುಂದಿನ ವಾರ ಸೋಮವಾರದಿಂದ ಶುಕ್ರವಾರದೊಳಗೆ ಯಾವ ದಿನ ಬೇಕೋ ನೀವೇ ಹೇಳಿ ಅಂದಿದ್ದಾರೆ."

ಹಿಪ್ಪಲಿ ಸೀದುಹೋಯಿತು. ಮನೆ ತುಂಬ ಘಾಟು, ಕೆಮ್ಮು. ನನ್ನ ಕಣ್ಣಲ್ಲಿ ನೀರು ಬಂದದ್ದಕ್ಕೂ ಒಂದು ನೆಪ ಸಿಕ್ಕಿತು. ಅದೂ ದೇವರ ದಯೆಯೇ.

ಹುಟ್ಟುವ ದಿನವನ್ನು ಭಗವಂತ ತನ್ನ ಕೈಯಲ್ಲೇ ಯಾಕೆ ಇಟ್ಟುಕೊಂಡಿದ್ದಾನೆ ಎಂಬುದು ನನಗೆ ಅರ್ಥವಾದದ್ದು ಆಮೇಲೆ. ಅದನ್ನು ಮನೆಯವರ ಕೈಗೆ ಕೊಟ್ಟಿದ್ದರೆ ಭೂಮಿಯ ಮೇಲೆ ಇಷ್ಟರಲ್ಲಿ ಯಾರೂ ಹುಟ್ಟುತ್ತಿರಲಿಲ್ಲ.

ನಮ್ಮ ಯಜಮಾನರ ಒಂದು ಚಟವನ್ನು ಇಲ್ಲಿ ಹೇಳಲೇಬೇಕು. ಎಡಪ್ಪಳ್ಳಿಯ ಬ್ಯಾಂಕಿನಲ್ಲಿ ಕೆಲಸ, ಮನೆಯಲ್ಲಿ ಇತಿಹಾಸ. ಬೆಳಗ್ಗೆ ಕಾಫಿ ಲೋಟ ಹಿಡಿದರೆಂದರೆ, ಇದೇ ತಾರೀಖಿನಲ್ಲಿ ಹಿಂದೆ ಯಾರು ಹುಟ್ಟಿದರು, ಯಾವ ಯುದ್ಧ ನಿಂತಿತು, ಯಾವ ಸೇತುವೆ ಬಿತ್ತು ಎಂದು ಓದಿ ಹೇಳಲೇಬೇಕು. ಆಮೇಲೆ ಅದನ್ನು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೂ ಹಾಕುತ್ತಾರೆ. ಮದುವೆಯಾದ ಹೊಸತರಲ್ಲಿ "ಇವತ್ತು ಏನು ದಿನ ಗೊತ್ತಾ?" ಎಂದು ಕೇಳಿದಾಗ ನಾನು ನಾಚಿಕೊಂಡು, ನನ್ನನ್ನು ನೋಡಲು ಬಂದ ದಿನವಿರಬೇಕು ಎಂದುಕೊಂಡಿದ್ದೆ. ಉಗಿಯಂತ್ರ ಕಂಡುಹಿಡಿದವನೊಬ್ಬ ತೀರಿಕೊಂಡ ದಿನವಂತೆ. ಅಂದಿನಿಂದ ಆ ಪ್ರಶ್ನೆಗೆ "ಏಕಾದಶಿ" ಎಂದೋ "ಗ್ಯಾಸ್ ಬುಕ್ ಮಾಡುವ ದಿನ" ಎಂದೋ ಉತ್ತರ ಕೊಟ್ಟು ದೋಸೆ ತಿರುವುತ್ತೇನೆ.

ಇಂಥವರ ಕೈಗೆ ಐದು ದಿನ ಕೊಟ್ಟರೆ ಕೇಳಬೇಕೆ? ಸಂಜೆ ಮೊಬೈಲು ಹಿಡಿದು ಕೂತರು. ನಾನು ಪಂಚಾಂಗ ಹಿಡಿದು ಎದುರಿಗೆ ಕೂತೆ.

"ಸೋಮವಾರ ಒಬ್ಬ ದೊಡ್ಡ ಗಣಿತಜ್ಞ ಹುಟ್ಟಿದ ದಿನ ಕಣೆ," ಎಂದರು.

"ಪುಷ್ಯ ನಕ್ಷತ್ರ. ತುಂಬ ಒಳ್ಳೇದು. ಅದೇ ಇಟ್ಕೊಳ್ಳೋಣ."

"ತಡಿ. ಅವತ್ತೇ ಒಂದು ಹಡಗೂ ಮುಳುಗಿದೆ."

"ರೀ, ನಾವು ಮಗೂನ ಹಡಗಿಗೆ ಹತ್ತಿಸ್ತಾ ಇಲ್ಲ."

"ಆದರೂ ಬೇಡ. ಹುಟ್ಟಿದ ದಿನ ಅಂದ್ರೆ ಜೀವನಪೂರ್ತಿ ಜೊತೆಗಿರೋದು."

ಜಾತಕ, ದೋಷ, ಶಾಂತಿ ಎಂದರೆ ಮೂವತ್ತು ವರ್ಷದಿಂದ ನನ್ನನ್ನು ನೋಡಿ ನಗುತ್ತಾ ಬಂದ ಮನುಷ್ಯ ಇವರು.

ಮಂಗಳವಾರಕ್ಕೆ ಅಡ್ಡ ಬಂದವಳು ನಾನು. ಅಂದು ಆಶ್ಲೇಷ. ಆಶ್ಲೇಷದಲ್ಲಿ ಹೆಣ್ಣು ಹುಟ್ಟಿದರೆ ಅವಳ ಅತ್ತೆಗೆ ಆಗುವುದಿಲ್ಲ ಎಂದು ನಮ್ಮ ಮೈಸೂರು ಕಡೆ ಹೇಳುತ್ತಾರೆ. ನಾಳೆ ಆ ಹುಡುಗಿಗೆ ಗಂಡು ಹುಡುಕುವವರು ಯಾರು? ಇದನ್ನು ಹೇಳಲು ಬೀಗಿತ್ತಿ ಚಂದ್ರಿಕಾ ಚೇಚಿಗೆ (ಇಲ್ಲಿ ಅಕ್ಕನಿಗೆ ಹಾಗೆನ್ನುತ್ತಾರೆ) ವಿಡಿಯೊ ಕಾಲ್ ಮಾಡಿದೆ. ಅವರದು ಅಚ್ಚ ಮಲಯಾಳಂ, ನನ್ನದು ಕನ್ನಡದಲ್ಲಿ ಅದ್ದಿ ತೆಗೆದ ಮಲಯಾಳಂ. ಆದರೂ ಇದುವರೆಗೆ ಒಂದು ಮಾತೂ ವ್ಯರ್ಥವಾಗಿಲ್ಲ.

"ಸಾರಮಿಲ್ಲ, ಯೋಚಿಸಬೇಡಿ," ಎಂದು ಅವರು ಬಾಗಿಲ ಹಿಂದಿನ ಮಲಯಾಳಂ ಕ್ಯಾಲೆಂಡರ್ ಕಡೆ ತಿರುಗಿದರು. "ನಮ್ಮಲ್ಲಿ ಅದಕ್ಕೆ ಆಯಿಲ್ಯಂ ಅನ್ನೋದು. ಅದರಿಂದ ಅತ್ತೆಗೆ ಏನೂ ಆಗಲ್ಲ. ಪಕ್ಕದ ಮನೆಯವರಿಗೆ ಆಗಲ್ಲ, ಅಷ್ಟೇ."

ಒಂದೇ ನಕ್ಷತ್ರ ಗಡಿ ದಾಟಿದ ಮಾತ್ರಕ್ಕೆ ಅತ್ತೆಯನ್ನು ಬಿಟ್ಟು ಪಕ್ಕದ ಮನೆಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. "ನಿಮ್ಮ ಪಕ್ಕದ ಮನೆಯವರು?" ಎಂದು ಕೇಳಿದೆ. "ಬಾಡಿಗೆಗೆ ಇರೋರು. ಹೇಗೂ ಬಿಡ್ತಾರೆ," ಎಂದರು ಚೇಚಿ, ದನಿ ತಗ್ಗಿಸಿ. ಆದರೂ ನಾನು ಒಪ್ಪಲಿಲ್ಲ. ಮಂಗಳವಾರ ಬೇಡವೇ ಬೇಡ ಎಂದೆ.

ಬುಧವಾರ ಮಖಾ, ಗುರುವಾರ ಪುಬ್ಬಾ. ಇಲ್ಲಿ ಚೇಚಿ ಹಟಕ್ಕೆ ಬಿದ್ದರು. ಹೆಣ್ಣಾದರೆ ಮಖಾ ಬಲು ಶ್ರೇಷ್ಠ, ಗಂಡಾದರೆ ಪುಬ್ಬಾ ಬಲು ಶ್ರೇಷ್ಠ ಎಂದು ಅವರಲ್ಲಿ ಗಾದೆಯೇ ಇದೆಯಂತೆ. ಒಳಗಿರುವುದು ಯಾವುದೆಂದು ಯಾರಿಗೆ ಗೊತ್ತು? ಕೇಳುವ ಹಾಗೂ ಇಲ್ಲ, ಕಾನೂನು. "ಶ್ರುತಿಯ ಮುಖ ನೋಡಿದರೆ ಹೆಣ್ಣೇ ಅನಿಸುತ್ತೆ," ಎಂದರು. ಹೊಟ್ಟೆ ನೋಡಿದರೆ ಗಂಡೇ ಅನಿಸುತ್ತದೆ ಎಂದೆ ನಾನು. ಇವರು ನಡುವೆ ಬಾಯಿ ಹಾಕಿ, ಬುಧವಾರ ಭೂಕಂಪವಿದೆ, ಗುರುವಾರ ಒಬ್ಬ ಸರ್ವಾಧಿಕಾರಿ ಹುಟ್ಟಿದ್ದಾನೆ ಎಂದು ಎರಡನ್ನೂ ಹೊಡೆದುಹಾಕಿದರು.

ಬಾಹ್ಯಾಕಾಶ ಸಂಸ್ಥೆಯಲ್ಲಿರುವ ಅಳಿಯ ಅನೂಪ್ ಅಮ್ಮನ ಹೆಗಲ ಹಿಂದಿನಿಂದ ಇಣುಕಿದ. "ನಮ್ಮಲ್ಲಿ ರಾಕೆಟ್ ಹಾರಿಸೋ ಮುಹೂರ್ತಕ್ಕೆ ಲಾಂಚ್ ವಿಂಡೋ ಅಂತೀವಿ ಅಮ್ಮಾ. ಅದಕ್ಕೂ ಇಷ್ಟು ಮೀಟಿಂಗ್ ಆಗಲ್ಲ," ಎಂದ.

ಕೊನೆಗೆ ಉಳಿದದ್ದು ಶುಕ್ರವಾರ. ಉತ್ತರಾ ನಕ್ಷತ್ರ, ನನಗೆ ಒಪ್ಪಿಗೆ. ಚೇಚಿಯ ಗಾದೆಯಲ್ಲಿ ಅದರ ಸುದ್ದಿಯೇ ಇಲ್ಲ. ಇವರು ಹುಡುಕೀ ಹುಡುಕೀ, ಯಾವುದೋ ಕ್ರಿಕೆಟ್ ಪಂದ್ಯ ನಾವು ಸೋತದ್ದು ಬಿಟ್ಟರೆ ಅಂದು ಜಗತ್ತಿನಲ್ಲಿ ಹೇಳಿಕೊಳ್ಳುವಂಥ ಅನಾಹುತವಾಗಿಲ್ಲ ಎಂದರು. ಎಲ್ಲರಿಗೂ ಯುದ್ಧ ಗೆದ್ದಷ್ಟು ಸಮಾಧಾನ. ಆಗ ಪರದೆಯ ಮೂಲೆಯಲ್ಲಿ ಶ್ರುತಿ ಕಾಣಿಸಿಕೊಂಡಳು. ಇಲ್ಲೇ ಬೆಳೆದ ಹುಡುಗಿ. ಸಿಟ್ಟು ಬಂದರೆ ಮಲಯಾಳಂ, ಅಳು ಬಂದರೆ ಕನ್ನಡ.

"ಮದಿ," ಎಂದಳು ಮೊದಲು. ಸಾಕು ಎಂದು. ಆಮೇಲೆ, "ಎಲ್ಲರೂ ದಿನ ನೋಡಿದ್ರಿ ಅಮ್ಮಾ. ನನಗೆ ಹೆದರಿಕೆ ಆಗ್ತಿದೆಯಾ ಅಂತ ಯಾರೂ ಕೇಳ್ಲಿಲ್ಲ."

ಇವರು ಕನ್ನಡಕ ತೆಗೆದು ಬನಿಯನ್ನಿಗೆ ಒರೆಸತೊಡಗಿದರು. ನಿಜ ಹೇಳಬೇಕೆಂದರೆ ಹೆದರಿದ್ದವರು ನಾವೇ. ಹೊಟ್ಟೆ ಕೊಯ್ಯುವುದು ಡಾಕ್ಟರ ಕೈಯಲ್ಲಿ, ಜೀವ ದೇವರ ಕೈಯಲ್ಲಿ. ನಮ್ಮ ಕೈಯಲ್ಲಿ ಉಳಿದದ್ದು ಕ್ಯಾಲೆಂಡರ್ ಒಂದೇ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆವು. "ಶನಿವಾರದ ರೈಲಿಗೆ ನಾನು ಬರ್ತೀನಿ ಪುಟ್ಟಾ," ಎಂದೆ. ಶನಿವಾರ ಪೂರ್ವಕ್ಕಾಗಲಿ ದಕ್ಷಿಣಕ್ಕಾಗಲಿ ಹೊರಡಬಹುದೇ ಎಂದು ಪಂಚಾಂಗ ನೋಡಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ನೋಡಲಿಲ್ಲ.

ಮಂಗಳವಾರ ಬೆಳಗ್ಗೆ ಚೇಚಿಯ ಅಡುಗೆಮನೆಯಲ್ಲಿ ಹಾಲು ಉಕ್ಕುವ ಹೊತ್ತಿಗೆ ಶ್ರುತಿಗೆ ನೋವು ಶುರುವಾಯಿತು. ಮಗು ಯಾರ ಅಪ್ಪಣೆಗೂ ಕಾಯಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ನಾನು ಲಲಿತಾ ಸಹಸ್ರನಾಮ, ಚೇಚಿ ತಮ್ಮ ಭಗವತಿಯ ನಾಮ, ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತಿದ್ದೆವು. ಊಟದ ಹೊತ್ತಿಗೆ ಆಪರೇಷನ್ ಮುಗಿದು ನರ್ಸು ಹೊರಗೆ ಬಂದು, ಹೆಣ್ಣು, ತಾಯಿ ಮಗು ಇಬ್ಬರೂ ಕ್ಷೇಮ ಎಂದಳು.

ಆಶ್ಲೇಷದಲ್ಲಿ ಹೆಣ್ಣು. ಬೇಡವೆಂದದ್ದೇ ಬಂದಿತ್ತು. ಬಟ್ಟೆಯ ಗಂಟಿನೊಳಗಿಂದ ಅದು ಒಂದು ಕಣ್ಣು ಬಿಟ್ಟು ನೋಡಿದಾಗ, ಎಲ್ಲೋ ಇರುವ ಅದರ ಮುಂದಿನ ಅತ್ತೆಯ ಬಗ್ಗೆ ನನಗೆ ಕಿಂಚಿತ್ತೂ ಕನಿಕರ ಹುಟ್ಟಲಿಲ್ಲ. ಅವಳ ಪಾಡು ಅವಳಿಗೆ. ಸುಬ್ರಹ್ಮಣ್ಯನಿಗೆ ಒಂದು ಹರಕೆ ಹೊತ್ತೆ, ಅಷ್ಟೇ. ಚೇಚಿ ಮನೆಗೆ ಬಂದವರೇ ಪಕ್ಕದ ಮನೆಯವರಿಗೆ ಒಂದು ಡಬ್ಬಿ ಲಡ್ಡು ಕೊಟ್ಟು ಬಂದರು. ಮುಂಜಾಗ್ರತೆ ಇರಬೇಕು. ಇವರು ಎಡಪ್ಪಳ್ಳಿಯಿಂದಲೇ ಗುಂಪಿಗೆ ಅಂದಿನ ವಿಶೇಷಗಳನ್ನು ಹಾಕಿದ್ದರು. ಒಂದು ಶಾಂತಿ ಒಪ್ಪಂದಕ್ಕೂ ಒಂದು ನೌಕಾಯುದ್ಧಕ್ಕೂ ನಡುವೆ ನಮ್ಮ ಮೊಮ್ಮಗಳು ಮಲಗಿದ್ದಳು.

ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ ಚೇಚಿ, ಮುಂದಿನ ವರ್ಷದ ಹುಟ್ಟುಹಬ್ಬ ಯಾವತ್ತು ಎಂದು ಕೇಳಿದರು. ಮಲಯಾಳ ತಿಂಗಳಿನ ನಕ್ಷತ್ರಕ್ಕೆ ಅವರದೊಂದು ದಿನ. ನಮ್ಮ ಚಾಂದ್ರಮಾನದ ತಿಥಿಗೆ ನನ್ನದೊಂದು. ಇತಿಹಾಸ ಕೈಬಿಡಲಾರದ ಇವರ ತಾರೀಖಿಗೆ ಇನ್ನೊಂದು. ಐದು ದಿನದಲ್ಲಿ ಒಂದು ಆರಿಸಲು ಜಗಳವಾಡಿದವರು ಈಗ ಮೂರರಲ್ಲಿ ಒಂದನ್ನೂ ಬಿಡಲು ಸಿದ್ಧರಿಲ್ಲ. ಬಿಡಬಾರದು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ನಾನೇ. ಮೂರು ದಿನವೂ ಪಾಯಸಕ್ಕೆ ಸೌಟು ಹಿಡಿಯಬೇಕಾದವಳೂ ನಾನೇ ಎಂಬುದು ಹೊಳೆದದ್ದು ಕೂಗಿದ ಮೇಲೆ.

ಇರಲಿ, ಅದಕ್ಕೆ ಇನ್ನೂ ಒಂದು ವರ್ಷವಿದೆ. ಸದ್ಯಕ್ಕೆ ಬಕೆಟ್ ತುಂಬ ಮಗುವಿನ ಬಟ್ಟೆ ನೆನೆದಿದೆ, ಹೊರಗೆ ಒಳ್ಳೆಯ ಬಿಸಿಲಿದೆ. ಹೋಗಿ ಒಗೆದು ಹರವುತ್ತೇನೆ.