ಡೆಲಿಯಾ ಅಜ್ಜಿ ಹೇಳಬೇಕಿದ್ದ ಮಾತು

ಭಾನುವಾರದ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುತ್ತಿದ್ದ ಫರ್ಗಲ್‌ನ ತೋಳನ್ನು ಡೆಲಿಯಾ ಅಜ್ಜಿ ಹಿಡಿದುಕೊಂಡಳು. "ಮಧ್ಯಾಹ್ನ ನಿಮ್ಮ ಹಾಡಿಗೆ ಬರ್ತೀನಿ ಕಣೋ. ಎಲ್ಲರೆದುರಿಗೆ ಒಂದು ಮಾತು ಹೇಳೋದಿದೆ. ಇಷ್ಟು ವರ್ಷ ತಡ್ಕೊಂಡೆ, ಇನ್ನು ಸಾಕು."

'ನಾಕ್‌ಬೇಗ್ ಹುಡುಗರು' ತಂಡ ಮೂವತ್ತೆಂಟು ವರ್ಷದಿಂದ ಟಿಪ್ಪರರಿ ಸೀಮೆಯ ಪಬ್ಬುಗಳಲ್ಲಿ ಹಾಡುತ್ತಿತ್ತು. ಹುಡುಗರಲ್ಲಿ ಕಿರಿಯವನಿಗೆ ಅರವತ್ತೆರಡು. ಬ್ಯಾಂಜೊ ನುಡಿಸುವ ಫರ್ಗಲ್‌ನ ಗಂಟಲು ತುಕ್ಕು ಹಿಡಿದ ಗೇಟಿನಂತಿತ್ತು. ಆದರೂ ಒಂದು ಹಾಡು ಅವನಿಗೇ ಮೀಸಲು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಇಂಗ್ಲಿಷ್ ಸಿಪಾಯಿಗಳ ಲಾರಿಯನ್ನು ಸೇತುವೆಯ ಮೇಲೆ ಒಬ್ಬನೇ ತಡೆದ ಅವನ ತಾತನ ಹಾಡು ಅದು. ಆ ಹಾಡು ಹೋದರೆ ತಂಡದಲ್ಲಿ ಅವನ ಮರ್ಯಾದೆಯೂ ಹೋದಂತೆ. ನಿಜ ಏನೆಂದು ಅಪ್ಪ ಸಾಯುವಾಗ ಕಿವಿಯಲ್ಲಿ ಹೇಳಿದ್ದ: ಅವತ್ತು ತಾತ ಅಡಗಿದ್ದು ಡೆಲಿಯಾಳ ತಾಯಿಯ ಕೋಳಿಗೂಡಿನಲ್ಲಿ.

ಮುದುಕಿಗೆ ಗೊತ್ತಾಗಿದೆ! ಫರ್ಗಲ್ ಪಬ್ಬಿನ ಪಕ್ಕದಲ್ಲೇ ಇದ್ದ ಅವಳ ಮನೆಗೆ ಓಡಿದ. ಉರುವಲು ಹೊತ್ತು ಹಾಕಿದ, ಸೇಬಿನ ಟಾರ್ಟ್ ಕೊಟ್ಟ, ಕಿಟಕಿ ಒರೆಸಿದ. ಅಜ್ಜಿ ಟಾರ್ಟ್ ತಿಂದು, ಕಿಟಕಿಯ ಹೊರಮೈಯೂ ಕೊಳೆಯಾಗಿದೆ ಅಂದಳು. ಅವನು ಏಣಿ ಹತ್ತಿದ್ದನ್ನು ಮಾಂಸದಂಗಡಿಯ ಪಾಜ್ ನೋಡಿದ. ಮುದುಕಿಯ ಮನೆ ಬರೆಸಿಕೊಳ್ಳಲು ಫರ್ಗಲ್ ಹೊಂಚು ಹಾಕಿದ್ದಾನೆ ಅಂತ ಊರಿಗೆಲ್ಲ ಸಾರಿದ. ಮಧ್ಯಾಹ್ನ ಪಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ಜನ ಬಂದದ್ದು ಹಾಡಿಗಲ್ಲ, ಇವನ ಮುಖ ನೋಡಲಿಕ್ಕೆ.

ತಾತನ ಹಾಡಿನ ಮೊದಲ ಚರಣ ಮುಗಿಯುವಷ್ಟರಲ್ಲಿ ಅಜ್ಜಿ ಕೋಲೂರಿ ಎದ್ದಳು. ಆ ಪಬ್ಬಿನಲ್ಲಿ ಹಿರಿಯರು ಎದ್ದರೆ ಹಾಡಲಿಕ್ಕೇ ಅಂತ ಲೆಕ್ಕ. ತಂಡದ ಯಜಮಾನ ಲೋರ್ಕನ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಫರ್ಗಲ್‌ಗೆ ತಡೆಯಲಾಗಲಿಲ್ಲ. ಅವಳ ಬಾಯಿಂದ ಬರುವ ಮುಂಚೆ ತಾನೇ ಹೇಳಿಬಿಡೋಣ ಅಂತ ಮೈಕಿನಲ್ಲೇ ಶುರು ಮಾಡಿದ.

"ಹೌದ್ರಪ್ಪಾ, ನಮ್ಮ ತಾತ ಸೇತುವೆ ಹತ್ರಾನೂ ಹೋಗ್ಲಿಲ್ಲ. ಈ ಅಜ್ಜಿ ಮನೆ ಕೋಳಿಗೂಡಲ್ಲಿ ಕೂತ್ಕೊಂಡು ಹನ್ನೊಂದು ಹಸಿ ಮೊಟ್ಟೆ ಕುಡಿದ."

"ನಾನು ಎದ್ದಿದ್ದು, ಆ ಸ್ಪೀಕರ್ ನಮ್ಮ ಮನೆ ಕಡೆ ತಿರುಗಿಸಬೇಡಿ ಅನ್ನೋಕೆ" ಅಂದಳು ಅಜ್ಜಿ. "ಬೀರೂಲಿರೋ ಪಿಂಗಾಣಿ ಕಪ್ಪುಗಳೆಲ್ಲ ಕುಣೀತವೆ." ಕೂತವಳು ಏನೋ ನೆನಪಾಗಿ ಮತ್ತೆ ಎದ್ದಳು. "ಹನ್ನೊಂದಾ? ನಮ್ಮಮ್ಮ ನರಿ ಬಂದಿತ್ತು ಅಂದ್ಕೊಂಡು, ಬೊಗಳಲಿಲ್ಲ ಅಂತ ಪಾಪದ ನಾಯೀನ ಮನೆಯಿಂದ ಓಡಿಸಿದ್ಲಲ್ಲೋ."

ಪಬ್ಬು ಸೂರು ಹಾರುವಂತೆ ನಕ್ಕಿತು. ಲೋರ್ಕನ್ ಕಣ್ಣೊರೆಸಿಕೊಂಡು, ಇನ್ನು ಮುಂದೆ ಸೇತುವೆ ಬೇಡ, ಮೊಟ್ಟೆಯ ಹಾಡೇ ಕಟ್ಟೋಣ ಅಂದ. ಮಾನ ಹೋದರೂ ಹಾಡು ಉಳಿಯಿತಲ್ಲ ಅಂತ ಫರ್ಗಲ್ ಉಸಿರುಬಿಟ್ಟು ಮೈಕಿನ ಹತ್ತಿರ ಸರಿದ.

"ನೀನು ಹಿಂದೆ ನಿಂತ್ಕೊ ಮಾರಾಯ" ಅಂದ ಲೋರ್ಕನ್. "ಹಾಡೋದು ನಾನು. ಚರಣ ಚರಣಕ್ಕೂ ಕೋಳಿ ಕೂಗ್ಬೇಕಲ್ಲ, ಅದಕ್ಕೆ ನಿನ್ನ ಗಂಟಲು ಹೇಳಿ ಮಾಡಿಸಿದ ಹಾಗಿದೆ."