ವಿಮಾ ಸಾಹೇಬ್ರು ಬಂದ್ರು, ಬಾಗಲಾ ಹಾಕು

ವಿಮೆ ಕೇಳಿದವರ ಮನೆಗೆ ಹೋಗಿ, ಅವರು ಹೇಳುವುದು ಖರೆಯೋ ಸುಳ್ಳೋ ಎಂದು ನೋಡಿಕೊಂಡು ಬರುವುದು ನನ್ನ ಕೆಲಸ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನನ್ನ ಸೀಮೆ. ಈ ಕೆಲಸದಲ್ಲಿ ನಗುವಂಥ ಪ್ರಸಂಗ ಬೇಡವೆಂದರೂ ಎದುರಾಗುತ್ತಲೇ ಇರುತ್ತದೆ. ಕೊರತೆಯೇನಿದ್ದರೂ ಕೇಳುವವರದು. ಮೊದಲೆಲ್ಲ ಸಂಜೆ ಬೆಟಗೇರಿಯ ಮನೆಯಲ್ಲಿ ನಾನು ಬೂಟು ಬಿಚ್ಚುವುದರೊಳಗೆ ಹೆಂಡತಿ, "ಇವತ್ತ ಯಾರು ಸಿಕ್ಕ್ರು?" ಎಂದು ಕೇಳುತ್ತಿದ್ದಳು. ಅವಳು ತೀರಿಹೋದ ಮೇಲೆ ಕೇಳುವವರಿಲ್ಲ. ಓಣಿಯವರಿಗೆ ನನ್ನನ್ನು ಕಂಡರೆ ಅಂಜಿಕೆ. ಚಹಾದಂಗಡಿಯ ಬಾಕಿನ ಮೇಲೆ ಹೋಗಿ ಕೂತರೆ ಸಾಕು, ಅಲ್ಲಿಯವರೆಗೆ ಸೊಂಟನೋವೆಂದು ನರಳುತ್ತಿದ್ದವನೂ, "ಈಗ ಆರಾಮ ಐತ್ರಿ" ಎಂದು ಎದ್ದು ಹೋಗುತ್ತಾನೆ.

ಗಂಗಿಯ ಹಾಲು

ಶಿಗ್ಲಿಯ ಒಂದು ಮನೆಯಲ್ಲಿ ವಿಮೆ ಮಾಡಿಸಿದ ಎಮ್ಮೆ ಸತ್ತಿತ್ತು. ಎಮ್ಮೆ ಸತ್ತರೆ ವಿಮೆಯವರು ಅದರ ಕಿವಿಗೆ ಹಾಕಿದ ನಂಬರಿನ ಬಿಲ್ಲೆ ತೋರಿಸಬೇಕು. ಮನೆಯ ಯಜಮಾನ ಬಿಲ್ಲೆಯನ್ನು ಅರಿಷಿಣ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ. ಅದನ್ನು ಬಿಚ್ಚುತ್ತಲೇ ಮನೆಮಂದಿಯೆಲ್ಲ ಅಳಲು ಶುರು ಮಾಡಿದರು. ಅವನ ಮುದಿ ತಾಯಿಯಂತೂ, "ಮಗಳ ಹಂಗಿತ್ತೋ ಎಪ್ಪಾ ನಮ್ಮ ಗಂಗಿ" ಎಂದು ಎದೆ ಬಡಿದುಕೊಂಡಳು. ನನಗೂ ಕಣ್ಣು ತುಂಬಿಬಂತು. ಒಂಟಿ ಮನುಷ್ಯನಿಗೆ ಯಾರು ಅತ್ತರೂ ಅಳು ಬರುತ್ತದೆ.

ಅಷ್ಟರಲ್ಲಿ ಚಹಾ ಬಂತು. ಕೆನೆಗಟ್ಟಿದ, ಗಟ್ಟಿ ಹಾಲಿನ ಚಹಾ. ಅಂಥದ್ದು ಕುಡಿದು ಎಷ್ಟೋ ದಿನವಾಗಿತ್ತು.

"ಭಾಳ ಚಲೋ ಐತಿ. ಯಾರ ಮನಿ ಹಾಲು?" ಎಂದು ಸಹಜವಾಗಿಯೇ ಕೇಳಿದೆ.

"ನಮ್ಮ ಗಂಗೀದ ರಿ" ಎಂದಳು ಮುದುಕಿ, ಕಣ್ಣೊರೆಸಿಕೊಳ್ಳುತ್ತ.

ಮಗ ಕೆಮ್ಮಿದ. "ಅಂದ್ರ... ಸಾಯೂಕಿಂತ ಮೊದಲ ಹಿಂಡಿದ್ದು ರಿ."

"ಅದು ಸತ್ತು ವಾರ ಆತಲ್ಲ?"

"ಗಂಗಿ ಹಾಲು ಹಂಗ್ಯಾಕ ಕೆಟ್ಟೀತ್ರಿ?" ಎಂದಳು ಮುದುಕಿ ಅಭಿಮಾನದಿಂದ.

ತನ್ನ ಹೆಸರು ಕೇಳಿತೋ ಏನೋ, ಹಿತ್ತಲಲ್ಲಿ ಒಂದು ಎಮ್ಮೆ ಗಟ್ಟಿಯಾಗಿ ಒದರಿತು. ಅಳು ಗಕ್ಕನೆ ನಿಂತಿತು. ಯಜಮಾನ ನೆಲ ನೋಡಿದ, ನಾನು ಲೋಟ ನೋಡಿದೆ. ಮುದುಕಿ ಮಾತ್ರ ಮೊಣಕಾಲು ಹಿಡಿದುಕೊಂಡು ಮೇಲೆದ್ದಳು.

"ಹಿಂಡೂ ಹೊತ್ತಾತು. ನೀವು ಹಿಂಗ ಅಳಕೋತ ಕುಂಡ್ರಿ, ನಾ ಗಂಗೀನ ಹಿಂಡಿ ಬರ್ತೀನಿ."

ಪಾಸಾದ ಎತ್ತುಗಳು

ಹಮ್ಮಿಗಿ ಕಡೆ ಎತ್ತು ಕಟ್ಟಿದ ಖಾಲಿ ಬಂಡಿ, ಅಂದರೆ ಗಾಡಾ, ಓಡಿಸುವ ಸ್ಪರ್ಧೆ ಇತ್ತು. ಎತ್ತುಗಳಿಗೆ ಯಾರೋ ಭಟ್ಟಿ ಸೆರೆ ಕುಡಿಸಿ ಓಡಿಸುತ್ತಾರೆಂದು ಹಿಂದಿನ ಸಲ ದೊಡ್ಡ ಜಗಳವಾಗಿತ್ತಂತೆ. ಅದಕ್ಕೇ ಕಮಿಟಿಯ ಅಧ್ಯಕ್ಷರು ಫೋನು ಮಾಡಿದರು: "ಸಾಹೇಬ್ರ, ಕಳ್ಳತನಾ ಹಿಡಿಯೂದ್ರಾಗ ನಿಮ್ಮ ಕೈ ಹಿಡಿಯವ್ರಿಲ್ಲ. ನೀವು ಬಂದು ಎತ್ತಿನ ಬಾಯಿ ಮೂಸಿ ನೋಡಬೇಕು."

ಕೆಲಸ ಎಂಥದ್ದಾದರೇನು, ನನ್ನನ್ನು ಬಾ ಎಂದು ಕರೆದವರೇ ಇಲ್ಲದೆ ಬಹಳ ಕಾಲವಾಗಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಮೊದಲ ಎತ್ತಿನ ಬಾಯಿಗೆ ಮೂಗು ಒಡ್ಡಿದೆ. ಘಮ್ಮೆಂದು ಸೆರೆ ವಾಸನೆ! "ಸಿಕ್ಕಿತು" ಎಂದೆ. ಮೂಗುದಾರ ಹಿಡಿದಿದ್ದ ಮಾಲೀಕ ಎದೆ ಮುಟ್ಟಿಕೊಂಡ: "ಅದು ನಂದ ರಿ. ಎತ್ತು ಶುದ್ಧ ಐತಿ." ಅವನನ್ನು ಆಚೆ ನಿಲ್ಲಿಸಿ ಅವನ ತಮ್ಮನ ಕೈಗೆ ಹಗ್ಗ ಕೊಡಿಸಿದೆ. ಮತ್ತದೇ ವಾಸನೆ. ತಮ್ಮನನ್ನೂ ಕಳಿಸಿದೆ. "ನಾ ಹಿಡೀತೀನಿ ಕೊಡ್ರಿ" ಎಂದು ಕಡೆಗೆ ಅಧ್ಯಕ್ಷರೇ ಮುಂದೆ ಬಂದರು. ವಾಸನೆ ಇಮ್ಮಡಿಯಾಯಿತು. ಎತ್ತು ಪಾಪ, ಮುಖ ಆಚೆ ತಿರುಗಿಸಿತು.

ಕೊನೆಗೆ ಎಲ್ಲರನ್ನೂ ಬೇವಿನ ಗಿಡದಾಚೆ ಕಳಿಸಿ, ನಾನೊಬ್ಬನೇ ಹಗ್ಗ ಹಿಡಿದು ಒಂದೊಂದನ್ನೇ ಪರೀಕ್ಷೆ ಮಾಡಿದೆ. ಎಲ್ಲವೂ ಶುದ್ಧ ಎತ್ತುಗಳು. ಊಟದ ಹೊತ್ತಿಗೆ ಪಂಕ್ತಿಯಲ್ಲಿ ನನ್ನ ಮಗ್ಗುಲಿಗೆ ಯಾರೂ ಕೂರಲಿಲ್ಲ, ಎಲ್ಲಿ ಬಾಯಿ ಮೂಸಿ ನೋಡುತ್ತೇನೋ ಎಂದು. ಎಲೆ ಎತ್ತಿಕೊಂಡು ಹೋಗಿ ಎತ್ತುಗಳ ಹತ್ತಿರವೇ ಉಂಡೆ. ಅಷ್ಟರಲ್ಲಿ ಅಧ್ಯಕ್ಷರು ಮೈಕಿನಲ್ಲಿ ತೊದಲುತ್ತ ಫಲಿತಾಂಶ ಹೇಳಿದರು:

"ಪರೀಕ್ಷಾ ಮುಗದೈತಿ. ಎತ್ತು ಎಲ್ಲಾ ಪಾಸು. ಫೇಲಾದವ್ರು ಗಾಡಾ ಹತ್ತಬಾರದು. ಆದ್ದರಿಂದ ಈ ಸಲ ಎತ್ತುಗಳು ತಾವ ಓಡಬೇಕಾಗಿ ವಿನಂತಿ."

ಮಂಗ್ಯಾನ ಸಾಕ್ಷಿ

ಎಲ್ಲರೂ ಸುಳ್ಳು ಹೇಳುತ್ತಾರೆಂದೇನಲ್ಲ. ಮುಂಡರಗಿಯ ಗಿರಣಿಯವನೊಬ್ಬ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಹೇಗೆ ಬಿದ್ದೆ ಎಂದರೆ, "ಹಿಂದಿನ ಸೀಟಿನ ಮ್ಯಾಲ ಮಂಗ್ಯಾ ಜಿಗದು ಕುಂತು, ಎರಡೂ ಕೈಲೆ ನನ್ನ ಕಣ್ಣು ಮುಚ್ಚಿತ್ರಿ" ಎಂದ. ನಾನು ನಂಬಲಿಲ್ಲ. ಆದರೆ ನಳದ ಹತ್ತಿರವಿದ್ದ ಹೆಣ್ಣುಮಕ್ಕಳೆಲ್ಲ ನೋಡಿದ್ದರು. ನೆನೆಸಿಕೊಂಡು ಮತ್ತೊಮ್ಮೆ ಬಿದ್ದು ಬಿದ್ದು ನಕ್ಕರು. ಅವರ ಜೊತೆ ನಾನೂ ನಕ್ಕೆ.

ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದೆ. ಹುಬ್ಬಳ್ಳಿಯ ದೊಡ್ಡ ಸಾಹೇಬರು ಫೋನು ಮಾಡಿದರು.

"ಎಲ್ಲಾ ಸರಿ ಐತಿ. ಆದ್ರ ಹಿಂದ ಕುಂತಿದ್ದವರ ಹೇಳಿಕಿ ಯಾಕ ತಗೊಂಡಿಲ್ಲ?"

ಸತ್ತು ಸಾಕಾದವನು

ಶಿರಹಟ್ಟಿಯವನೊಬ್ಬ ಗೋವಾಕ್ಕೆ ದುಡಿಯಲು ಹೋಗಿ ಅಲ್ಲೇ ತೀರಿಕೊಂಡ, ಅಲ್ಲೇ ಮಣ್ಣು ಮಾಡಿ ಬಂದೆವು ಎಂದು ಅವನ ಹೆಂಡತಿ ವಿಮೆ ಕೇಳಿದ್ದಳು. ಮಧ್ಯಾಹ್ನ ಹೋಗಿ ಬಾಗಿಲು ಬಡಿದೆ. ಓಣಿಯೆಲ್ಲ ಹೊಲಕ್ಕೆ ಹೋಗಿತ್ತು. ಗಡ್ಡ ಬಿಟ್ಟವನೊಬ್ಬ ಬಾಗಿಲು ತುಸುವೇ ತೆರೆದು, ನನ್ನ ಕೈ ಹಿಡಿದು ಒಳಗೆಳೆದುಕೊಂಡ.

"ಬರ್ರಿ, ಕುಂಡ್ರಿ. ನಾ ತೀರಿಕೊಂಡವನ ತಮ್ಮ ರಿ. ಮನ್ಯಾಗ ಯಾರೂ ಇಲ್ಲ."

ಗೋಡೆಯ ಮೇಲೆ ಮಾಲೆ ಹಾಕಿದ ಫೋಟೊ. ಅದರ ಕೆಳಗೇ ಅವನು ಕೂತ. ಅದೇ ಮೂಗು, ಹುಬ್ಬಿನ ಮೇಲೆ ಅದೇ ಗಾಯದ ಕಲೆ. ಅವನು ನನ್ನ ಕೆಲಸವೇನೆಂದು ಕೇಳಲಿಲ್ಲ. ಮಳೆ, ಶೇಂಗಾ, ನನ್ನ ಮನೆ, ನನ್ನ ಊಟ, ಎಲ್ಲ ಕೇಳಿದ. ಹೆಂಡತಿ ಇಲ್ಲವೆಂದಾಗ, "ಒಬ್ರ ಇರೂದು ಭಾಳ ತ್ರಾಸ ರಿ" ಎಂದು ನಿಟ್ಟುಸಿರಿಟ್ಟ. ಅವಳು ಹೋದ ಮೇಲೆ ನನ್ನ ಎದುರು ಕೂತು ಹಾಗೆ ಯಾರೂ ಮಾತಾಡಿರಲಿಲ್ಲ. ಏಳಲು ಮನಸ್ಸೇ ಬರಲಿಲ್ಲ. ಆದರೂ ಕೆಲಸ ಕೆಲಸವೇ.

"ನಿಮ್ಮ ಅಣ್ಣ ಎಂಥಾ ಮನಷ್ಯಾ?" ಎಂದೆ.

"ದೇವರಂಥಾ ಮನಷ್ಯಾ ರಿ."

"ಹೆಂಡ್ತೀನ್ನ ಬಡೀತಿದ್ದ ಅಂತ ಓಣ್ಯಾಗ ಅಂತಾರಲ್ಲ?"

"ಯಾವಾಂವ ಅಂದಾಂವ?" ಅವನು ಎದ್ದೇ ನಿಂತ. "ಅಕಿನ್ನ ಕೇಳ್ರಿ! ಒಂದು ದಿನಾನೂ ಕೈ ಎತ್ತಿಲ್ಲ ನಾ!"

ಆಮೇಲೆ ತಾನೇನು ಅಂದೆನೆಂದು ತಿಳಿದು, ಮೆಲ್ಲಗೆ ಕೂತುಕೊಂಡ.

"ವಿಮಾ ಸಾಹೇಬ್ರೇನ್ರಿ?"

"ಹೌದು."

"ಬಾಗಲಾ ತೆಗೀಬ್ಯಾಡ ಅಂತ ಅಕಿ ನೂರ ಸಲ ಹೇಳ್ಯಾಳ್ರಿ. ಆದ್ರ ನಾ ಸತ್ತಾಗಿಂದ ಒಬ್ರೂ ಮಾತಾಡ್ಸಿಲ್ಲ. ನಮ್ಮ ಗೆಳ್ಯಾರು ಹೊರಗ ನಗೂದು ಒಳಗ ಕೇಳಿಸ್ತತಿ. ಸತ್ತು ಸಾಕಾಗೇತ್ರಿ."

ಕ್ಲೇಮು ವಾಪಸ್ ತಗೊಂಡು ಬದುಕಿಬಿಡು ಎಂದೆ. ಒಪ್ಪಿದ. ಆದರೆ ಒಬ್ಬನೇ ಹೊರಗೆ ಹೋಗಲು ಅಂಜಿಕೆ. "ಸಾಹೇಬ್ರ, ಕಟ್ಟೀ ತನಕ ಜೋಡಿ ಬರ್ರಿ" ಎಂದು ನನ್ನ ಕೈ ಹಿಡಿದುಕೊಂಡ. ಇಬ್ಬರೂ ಕೈ ಹಿಡಿದುಕೊಂಡೇ ಬಿಸಿಲಿಗೆ ಬಂದೆವು.

ಪಕ್ಕದ ಮನೆಯ ಕಟ್ಟೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡ ಅಜ್ಜಿ ಜೋಳ ಹಸನು ಮಾಡುತ್ತಿದ್ದಳು. ಚೀರಿಯಾಳೆಂದು ನಾನು ಎದೆ ಗಟ್ಟಿ ಮಾಡಿಕೊಂಡೆ. ಅವಳು ಚೀರಲಿಲ್ಲ. ಕನ್ನಡಕ ಮೇಲೆತ್ತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನ ಕೆನ್ನೆ ಮುಟ್ಟಿದಳು. ಮುಟ್ಟಿದ ಕೈಯಿಂದಲೇ ಫಟ್ಟೆಂದು ಒಂದು ಏಟು ಕೊಟ್ಟಳು.

"ಅಯ್ಯ ನಿನ್ನ! ಕಣ್ಣಿನ ಆಪರೇಶನ್ ಆಗೇತಿ, ಅಳಬ್ಯಾಡಬೇ ಅಂತ ಡಾಕ್ಟರ್ ಹೇಳಿದ್ರೂ ನಿನ್ನ ಸಲುವಾಗಿ ಅತ್ತು ಅತ್ತು ಕಣ್ಣು ಕೆಡಿಸಿಕೊಂಡೀನಿ!"

ಅವನು ನಗುತ್ತ, ಅಳುತ್ತ ಅವಳ ಕಾಲಿಗೆ ಬಿದ್ದ. ನನ್ನನ್ನು ತೋರಿಸಿ, "ಇವ್ರು ವಿಮಾ ಸಾಹೇಬ್ರ ಬೇ" ಎಂದ. ಎಲ್ಲರಂತೆ ಇವಳೂ ಎದ್ದು ಒಳಗೆ ಹೋಗುತ್ತಾಳೆ ಎಂದುಕೊಂಡೆ. ಅಜ್ಜಿ ಜೋಳದ ಮೊರ ಪಕ್ಕಕ್ಕೆ ಸರಿಸಿ, ಕಟ್ಟೆಯ ಮೇಲೆ ನನಗೆ ಜಾಗ ಮಾಡಿಕೊಟ್ಟು, ದನಿ ತಗ್ಗಿಸಿ ಕೇಳಿದಳು:

"ಕುಂಡ್ರೋ ಯಪ್ಪಾ. ಸತ್ತಾಂವ ಅಂತೂ ಎದ್ದು ಬಂದ. ಅವನ ಸಲುವಾಗಿ ಕೆಟ್ಟ ಕಣ್ಣಿಗೆ ಏನರ ಕ್ಲೇಮ್ ಬರ್ತತೇನು?"